ಕಸಿ ಹೂಮರಕ್ಕೆ ಸ್ವಂತ ಬೇರು: ಬೋನ್ಸಾಯ್‌ನಲ್ಲಿ ಗೂಟಿ ವಿಧಾನ

ಕಸಿ ಕಟ್ಟಿ ಬೆಳೆಸಿದ ಹೂಮರದ ಕಾಂಡದಲ್ಲಿ ಕಸಿಗಂಟಿನ ಮೇಲ್ಭಾಗದಿಂದ ಹೊಸ ಬೇರು ಹೊರಡಿಸಿ, ಆ ಬೇರು ಬಲಿತ ಮೇಲೆ ಕೆಳಗಿನ ಬೇರುಸಸಿಯನ್ನು ಕತ್ತರಿಸಿ ಬಿಡಿಸಿ, ಮರವನ್ನು ಅದರ ಸ್ವಂತ ಬೇರಿನ ಮೇಲೆ ಕುಂಡದಲ್ಲಿ ನಿಲ್ಲಿಸುವ ಕ್ರಮವು ಬೋನ್ಸಾಯ್ ಕಲೆಯ ಮುಖ್ಯ ವಿಧಾನಗಳಲ್ಲಿ ಒಂದು. ಇದನ್ನು ಹೆಚ್ಚಾಗಿ ಗೂಟಿ ಕಟ್ಟುವುದರಿಂದ ಸಾಧಿಸುತ್ತಾರೆ. ಜಪಾನಿನ ಬೋನ್ಸಾಯ್ ಕಲೆಗಾರರು ಗೂಟಿಗೆ 'ತೊರಿಕಿ' ಎನ್ನುತ್ತಾರೆ. ಉಮೆ, ಚೆರಿ, ಹೂಸೇಬು, ವಿಸ್ಟೀರಿಯ ಮೊದಲಾದ ಹೂಮರಗಳು ನರ್ಸರಿಗಳಿಂದ ಬಹುಪಾಲು ಕಸಿಗಿಡಗಳಾಗಿಯೇ ಬರುವುದರಿಂದ ಇವುಗಳಲ್ಲಿ ಈ ವಿಧಾನದ ಬಳಕೆ ಹೆಚ್ಚು.

ಪಾರಿಭಾಷಿಕ ಪದಗಳು

ಕಸಿಯಲ್ಲಿ ನೆಲದೊಳಗೆ ಬೇರು ಬಿಟ್ಟಿರುವ ಗಿಡ ಬೇರುಸಸಿ. ಅದರ ಮೇಲೆ ಕೂರಿಸಿದ, ಬೇಕಾದ ತಳಿಯ ತುಂಡು ಕಸಿಕುಡಿ. ಎರಡೂ ಬೆಸೆದುಕೊಂಡ ಜಾಗ ಕಸಿಗಂಟು. ಕೊಂಬೆಯನ್ನು ತಾಯಿಗಿಡದಿಂದ ಬೇರ್ಪಡಿಸದೆ ಅದರ ಮೇಲೆಯೇ ಬೇರು ಬರಿಸಿ ಆಮೇಲೆ ಕತ್ತರಿಸುವುದು ಗೂಟಿ. ದಾಳಿಂಬೆ ಬೆಳೆಯುವ ರೈತರಿಗೆ 'ಗೂಟಿ ಸಸಿ' ಹೊಸ ಮಾತಲ್ಲ. ನೆಲಮಟ್ಟದಲ್ಲಿ, ಕಾಂಡದ ಬುಡದ ಸುತ್ತಲೇ ಕಟ್ಟುವ ಗೂಟಿಯನ್ನು ಈ ಲೇಖನದಲ್ಲಿ ಬುಡಗೂಟಿ ಎಂದು ಕರೆಯಲಾಗಿದೆ. ಬೇರಿನಿಂದಲ್ಲದೆ ಕಾಂಡ ಅಥವಾ ಎಲೆಯಿಂದ ಹುಟ್ಟುವ ಬೇರು ಆಗಂತುಕ ಬೇರು. ಗೂಟಿಯಲ್ಲಿ ಬರುವುದೆಲ್ಲ ಇಂಥ ಬೇರೇ.

ಬೋನ್ಸಾಯ್‌ನಲ್ಲಿ ಕಾಂಡದ ಬುಡದಿಂದ ಎಲ್ಲ ದಿಕ್ಕಿಗೂ ಹರಡಿ ಮಣ್ಣಿನ ಮೇಲೆ ಕಾಣುವ ಬೇರುಗಳ ನೋಟಕ್ಕೆ ಜಪಾನಿ ಭಾಷೆಯಲ್ಲಿ 'ನೆಬಾರಿ' ಎನ್ನುತ್ತಾರೆ. ಇಲ್ಲಿ ಅದಕ್ಕೆ ಬೇರುಹರವು ಎಂಬ ಪದವನ್ನು ಬಳಸಿದೆ. ಬೋನ್ಸಾಯ್ ಮರವೊಂದರ ವಯಸ್ಸು, ಸ್ಥಿರತೆ ಮೊದಲು ಕಣ್ಣಿಗೆ ಬೀಳುವುದು ಬೇರುಹರವಿನಲ್ಲಿ. ಕೊಂಬೆಯನ್ನು ಕೆಲವು ವರ್ಷಗಳಲ್ಲಿ ಹೊಸದಾಗಿ ಬೆಳೆಸಿಕೊಳ್ಳಬಹುದು. ಕೆಟ್ಟ ಬುಡವನ್ನು ತಿದ್ದಲು ಅಷ್ಟು ಸುಲಭದ ದಾರಿಗಳಿಲ್ಲ.

ಹಿನ್ನೆಲೆ

ಮರದ ಮೇಲೆಯೇ ಬೇರು ಬರಿಸುವ ಉಪಾಯ ಬೋನ್ಸಾಯ್‌ಗಿಂತ ಹಳೆಯದು. ಕ್ರಿಸ್ತಪೂರ್ವ 2ನೇ ಶತಮಾನದ ರೋಮನ್ ಲೇಖಕ ಕೇಟೋ ತನ್ನ ಕೃಷಿಗ್ರಂಥದಲ್ಲಿ, ತಳ ತೂತಾದ ಮಡಕೆಯೊಳಗೆ ಕೊಂಬೆಯನ್ನು ತೂರಿಸಿ, ಮಣ್ಣು ತುಂಬಿ, ಬೇರು ಬಂದ ಮೇಲೆ ಮಡಕೆಯ ಕೆಳಗೆ ಕತ್ತರಿಸಿ ನೆಡುವ ಕ್ರಮವನ್ನು ಹೇಳಿದ್ದಾನೆ. ಭಾರತದಲ್ಲಿ 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯ ಹಲಸು, ಅಶೋಕ, ನೇರಳೆ, ದಾಳಿಂಬೆ, ದ್ರಾಕ್ಷಿ ಮೊದಲಾದವನ್ನು 'ಕಾಂಡರೋಪ್ಯ' ಎಂದು ಗುರುತಿಸಿ, ಕಾಂಡಕ್ಕೆ ಸಗಣಿ ಬಳಿದು ನಾಟಿ ಮಾಡುವುದನ್ನು ವಿವರಿಸುತ್ತದೆ. ಇದು ಗೂಟಿಯಲ್ಲ. ಆದರೆ ಬೀಜವಿಲ್ಲದೆ ಕಾಂಡದಿಂದ ಗಿಡ ಮಾಡುವ ಜ್ಞಾನ ಆಗಲೇ ಶಾಸ್ತ್ರದ ರೂಪ ಪಡೆದಿತ್ತು ಎಂಬುದಕ್ಕೆ ಸಾಕ್ಷಿ.

ಮರವನ್ನು ತಟ್ಟೆಯಲ್ಲಿ ಬೆಳೆಸುವ ಕಲೆ ಚೀನಾದಲ್ಲಿ ಹುಟ್ಟಿತು. 706ರಲ್ಲಿ ಕಟ್ಟಿದ ತಾಂಗ್ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿಯ ಭಿತ್ತಿಚಿತ್ರದಲ್ಲಿ ಸೇವಕಿಯೊಬ್ಬಳು ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆ ಹಿಡಿದು ನಿಂತಿದ್ದಾಳೆ. ಜಪಾನಿನಲ್ಲಿ 1309ರ ಕಸುಗ ಗೊಂಗೆನ್ ಗೆಂಕಿ ಚಿತ್ರಸುರುಳಿಯಲ್ಲಿ ತೊಟ್ಟಿಯೊಳಗಿನ ಮರಗಳು ಕಾಣುತ್ತವೆ. ಹೂಮರ ಈ ಕಲೆಯಲ್ಲಿ ಆಮೇಲೆ ಸೇರಿಕೊಂಡದ್ದಲ್ಲ. 'ಹಾಚಿ ನೊ ಕಿ' ಎಂಬ ಜಪಾನಿನ ಸಾಂಪ್ರದಾಯಿಕ ನೋ ನಾಟಕದಲ್ಲಿ ಬಡ ಯೋಧನೊಬ್ಬ ಹಿಮದ ರಾತ್ರಿ ಮನೆಗೆ ಬಂದ ಸನ್ಯಾಸಿಗೆ ಬೆಂಕಿ ಕಾಯಿಸಲು ಉರುವಲಿಲ್ಲದೆ ಸುಟ್ಟ ಮೂರು ಕುಂಡದ ಮರಗಳಲ್ಲಿ ಎರಡು ಹೂಮರಗಳೇ: ಉಮೆ ಮತ್ತು ಚೆರಿ. ಮೂರನೆಯದು ಪೈನ್.

ಗೂಟಿ ವಿಧಾನದ ಹಿಂದಿನ ಕಾರಣ ತಿಳಿಯತೊಡಗಿದ್ದು 17ನೇ ಶತಮಾನದಲ್ಲಿ. ಇಟಲಿಯ ವಿಜ್ಞಾನಿ ಮಾರ್ಚೆಲ್ಲೊ ಮಾಲ್ಪೀಗಿ ಮರದ ತೊಗಟೆಯನ್ನು ಉಂಗುರದಂತೆ ತೆಗೆದು ನೋಡಿದಾಗ ಗಾಯದ ಮೇಲಿನ ಅಂಚು ಊದಿಕೊಂಡಿತು, ಕೆಳಗಿನದು ಊದಲಿಲ್ಲ. ಎಲೆಯಲ್ಲಿ ಸಿದ್ಧವಾದ ಸತ್ವ ತೊಗಟೆಯ ಮೂಲಕ ಕೆಳಗಿಳಿಯುತ್ತದೆ ಎಂಬುದಕ್ಕೆ ಅದು ಆಧಾರವಾಯಿತು. 1930ರ ದಶಕದಲ್ಲಿ ಆಕ್ಸಿನ್ ಎಂಬ ಸಸ್ಯ ಹಾರ್ಮೋನಿನ ರಾಸಾಯನಿಕ ರೂಪ ತಿಳಿಯಿತು. 1935ರಲ್ಲಿ ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಇಂಡೋಲ್ ಬ್ಯುಟಿರಿಕ್ ಆಮ್ಲ ಬೇರು ಬರಿಸುವುದನ್ನು ತೋರಿಸಿದರು. ಐಬಿಎ ಎಂಬ ಹೆಸರಿನಲ್ಲಿ ಅದೇ ಇಂದಿಗೂ ಬೇರು ಬರಿಸುವ ಪುಡಿಗಳ ಮುಖ್ಯ ವಸ್ತು. 20ನೇ ಶತಮಾನದ ನಡುವಿನಲ್ಲಿ ಪಾಲಿಥೀನ್ ಹಾಳೆ ಬಂದದ್ದು ಇನ್ನೊಂದು ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಗೂಟಿಯ ಗಾಯದ ಸುತ್ತ ಕಟ್ಟಿದ ಒದ್ದೆ ಪಾಚಿ ಒಣಗದಂತೆ ದಿನವೂ ನೀರು ಕೊಡಬೇಕಿತ್ತು. ಹಾಳೆ ಸುತ್ತಿದ ಮೇಲೆ ಗೂಟಿ ವಾರಗಟ್ಟಲೆ ತಾನೇ ತೇವ ಕಾಯ್ದುಕೊಳ್ಳತೊಡಗಿತು.

ಕಸಿ ಏಕೆ, ತೊಡಕು ಎಲ್ಲಿ

ಹೂಮರದ ತಳಿಗಳು ಬೀಜದಲ್ಲಿ ತಮ್ಮ ಗುಣ ಉಳಿಸಿಕೊಳ್ಳುವುದಿಲ್ಲ. ಎರಡು ಸುತ್ತಿನ ನಸುಗೆಂಪು ಹೂವಿನ ಮರದ ಬೀಜದಿಂದ ಒಂಟಿ ಎಸಳಿನ ಬಿಳಿ ಹೂವಿನ ಗಿಡ ಬರಬಹುದು. ಉಮೆಯ ಹಲವು ತಳಿಗಳ ಕಡ್ಡಿ ನೆಟ್ಟರೆ ಬೇರು ಬಿಡುವುದು ಕಷ್ಟ. ಬೀಜದ ವಿಸ್ಟೀರಿಯ ಹೂ ಬಿಡಲು 10 ವರ್ಷಕ್ಕೂ ಹೆಚ್ಚು ಕಾಯಿಸುತ್ತದೆ. ಹೀಗಾಗಿ ಬೆಳೆದ ಮರದ ಕುಡಿಯನ್ನು ಬೀಜದ ಸಸಿಯ ಮೇಲೆ ಕಸಿ ಮಾಡುವುದು ತೋಟಗಾರಿಕೆಗೆ ಅನುಕೂಲದ ದಾರಿ. ಜಪಾನಿನ ಹೆಸರಾಂತ ಸೊಮೇಯ್ ಯೊಶಿನೊ ಚೆರಿ ಮರಗಳೆಲ್ಲ ಹೀಗೆ ಕಸಿಯಿಂದ ಹಬ್ಬಿದ ಒಂದೇ ತಳಿಕುಲ.

ನೆಲದ ಮರಕ್ಕೆ ಕಸಿಗಂಟು ದೊಡ್ಡ ವಿಷಯವಲ್ಲ. ಹುಲ್ಲಿನ ಮರೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಮೊಳಕ್ಕಿಂತ ಚಿಕ್ಕದಾದ ಬೋನ್ಸಾಯ್‌ನಲ್ಲಿ ಅದೇ ಗಂಟು ನೋಟದ ನಟ್ಟನಡುವೆ ನಿಲ್ಲುತ್ತದೆ. ಬೇರುಸಸಿ ಕುಡಿಗಿಂತ ಬೇಗ ದಪ್ಪವಾದರೆ ಬುಡ ಮಡಕೆಯಂತೆ ಉಬ್ಬುತ್ತದೆ. ಕುಡಿಯೇ ಬೇಗ ದಪ್ಪವಾದರೆ ಕಾಂಡ ಮೇಲೆ ದಪ್ಪ, ಕೆಳಗೆ ಸಣ್ಣ ಆಗುತ್ತದೆ. ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗಬೇಕಾದ ಕಾಂಡದಲ್ಲಿ ಇದು ದೊಡ್ಡ ದೋಷ. ಎರಡೂ ಬೇರೆ ಬೇರೆ ಜಾತಿಯವಾದರೆ ತೊಗಟೆಯ ಬಣ್ಣ, ಬಿರುಕು ಕೂಡ ಹೊಂದುವುದಿಲ್ಲ. ಯುರೋಪಿನಲ್ಲಿ ಜಪಾನಿ ಹೂಚೆರಿಯನ್ನು ಅಲ್ಲಿನ ಕಾಡುಚೆರಿಯಾದ ಪ್ರೂನಸ್ ಏವಿಯಮ್ ಮೇಲೆ ಕಸಿ ಮಾಡುವುದು ವಾಡಿಕೆ. ಅಂಥ ಮರಗಳಲ್ಲಿ ಕಸಿಗಂಟು ಎಷ್ಟು ವರ್ಷ ಕಳೆದರೂ ಬೆಸುಗೆಯಂತೆ ಎದ್ದು ಕಾಣುತ್ತದೆ. ಇದರ ಜೊತೆಗೆ ಬೇರುಸಸಿ ತನ್ನ ಬುಡಚಿಗುರುಗಳನ್ನು ಎಬ್ಬಿಸುತ್ತಲೇ ಇರುತ್ತದೆ. ಅವನ್ನು ಗಮನಿಸದೆ ಬಿಟ್ಟರೆ ಕುಡಿಯ ಬಲ ಕುಗ್ಗಿ, ಕಡೆಗೆ ಬೇರುಸಸಿಯ ಹೂವೇ ಅರಳುತ್ತದೆ.

ಎಲ್ಲ ಕಸಿಗೂ ಇದೇ ಪರಿಹಾರ ಹೊಂದದು. ಕಸಿಗಂಟು ಎಲ್ಲಿದೆ ಎಂಬುದರ ಮೇಲೆ ಕಸಿಮರಗಳನ್ನು ಮೂರಾಗಿ ನೋಡಬೇಕು. ಬುಡಕಸಿಯಲ್ಲಿ ಗಂಟು ನೆಲದ ಹತ್ತಿರವಿರುತ್ತದೆ. ಈ ಲೇಖನದ ವಿಧಾನ ಮುಖ್ಯವಾಗಿ ಇದಕ್ಕೇ ಸಲ್ಲುತ್ತದೆ. ಇಳಿಬೀಳುವ ಕೊಂಬೆಗಳ ಚೆರಿಯಂಥವನ್ನು ಎತ್ತರದ ಕಾಂಡದ ತಲೆಯಲ್ಲಿ ಕಸಿ ಮಾಡಿರುತ್ತಾರೆ. ಅಲ್ಲಿ ಗಂಟಿನ ಮೇಲೆ ಬೇರು ಬರಿಸಿದರೆ ಕೆಳಗಿನ ಕಾಂಡವಿಡೀ ಹೋಗಿ, ತಲೆಯ ಭಾಗವಷ್ಟೇ ಹೊಸ ಗಿಡವಾಗುತ್ತದೆ. ಮೂರನೆಯದು ಕೊಂಬೆಕಸಿ. ಒಂದೇ ಕಾಂಡದಲ್ಲಿ ಹಲವು ಬಣ್ಣದ ಕಾಗದದ ಹೂ (ಬೋಗನ್‌ವಿಲ್ಲಾ) ಅರಳಿಸುವ ಗಿಡ ಇದಕ್ಕೆ ಉದಾಹರಣೆ. ಇಲ್ಲಿ ಕಾಂಡವೇ ಬೇರುಸಸಿಯದು. ಬುಡದಲ್ಲಿ ಗೂಟಿ ಕಟ್ಟಿ ಬೇರುಹರವು ತಿದ್ದಬಹುದು, ಆದರೆ ಬರುವುದು ಬೇರುಸಸಿಯ ಬೇರೇ. ಕುಡಿಗಳಿಗೆ ಸ್ವಂತ ಬೇರು ಸಿಗುವುದಿಲ್ಲ.

ಬೇರು ಮೂಡುವ ಬಗೆ

ಕಾಂಡದಲ್ಲಿ ಎರಡು ಸಾಗಣೆ ನಡೆಯುತ್ತದೆ. ಬೇರಿನಿಂದ ನೀರು, ಲವಣಗಳು ಒಳಗಿನ ಮರದಭಾಗದ ಕ್ಸೈಲಂ ಮೂಲಕ ಮೇಲೇರುತ್ತವೆ. ಎಲೆಯಲ್ಲಿ ಆದ ಸಕ್ಕರೆ ತೊಗಟೆಯ ಒಳಪದರವಾದ ಫ್ಲೋಯಂ ಮೂಲಕ ಕೆಳಗಿಳಿಯುತ್ತದೆ. ಎರಡರ ನಡುವೆ ಹೊಸ ಕೋಶಗಳನ್ನು ಹುಟ್ಟಿಸುವ ತೆಳ್ಳನೆ ಪದರ ಕೇಂಬಿಯಂ. ಚಿಗುರಿನ ತುದಿ ಮತ್ತು ಎಳೆ ಎಲೆಗಳಲ್ಲಿ ಹುಟ್ಟುವ ಆಕ್ಸಿನ್ ಕೂಡ ಬುಡದ ಕಡೆಗೇ ಹರಿಯುತ್ತದೆ.

ತೊಗಟೆಯನ್ನು ಉಂಗುರದಂತೆ ತೆಗೆದಾಗ ಕ್ಸೈಲಂ ಉಳಿಯುತ್ತದೆ, ಮರಕ್ಕೆ ನೀರು ನಿಲ್ಲುವುದಿಲ್ಲ. ಸಕ್ಕರೆಗೂ ಆಕ್ಸಿನ್‌ಗೂ ದಾರಿ ಮುಚ್ಚುತ್ತದೆ. ಅವು ಗಾಯದ ಮೇಲಂಚಿನಲ್ಲಿ ಶೇಖರವಾಗುತ್ತವೆ. ಮೊದಲು ಅಂಚಿನಲ್ಲಿ ಕ್ಯಾಲಸ್ ಎಂಬ ಬಿಳಿಚ ಮೆದು ಅಂಗಾಂಶ ಗುಂಡುಗುಂಡಾಗಿ ಉಬ್ಬುತ್ತದೆ. ಬೇರಿನ ಮೊಳಕೆಗಳು ಕೇಂಬಿಯಂ ಮತ್ತು ಎಳೆಯ ಫ್ಲೋಯಂ ಹತ್ತಿರದ ಕೋಶಗಳಲ್ಲಿ ರೂಪುಗೊಂಡು ಹೊರಗೆ ಬರುತ್ತವೆ. ಕ್ಯಾಲಸ್ ಬಂದ ಮಾತ್ರಕ್ಕೆ ಬೇರು ಬರುತ್ತದೆ ಎನ್ನುವಂತಿಲ್ಲ. ತಂಪು, ಕಡಿಮೆ ಎಲೆ, ಹೆಚ್ಚು ನೀರು ಇದ್ದಾಗ ಕ್ಯಾಲಸ್ ಮುದ್ದೆಗಟ್ಟಿ ಅಲ್ಲಿಗೇ ನಿಲ್ಲುವುದುಂಟು.

ಕಸಿಮರದಲ್ಲಿ ಈ ಪ್ರಕ್ರಿಯೆಯ ಒಂದು ಅಂಶ ಎಲ್ಲಕ್ಕಿಂತ ಮುಖ್ಯ. ಬೇರು ಹೊರಡುವುದು ಉಂಗುರದ ಮೇಲಂಚಿನಿಂದ, ಕೆಳಂಚಿನಿಂದ ಅಲ್ಲ. ಮೇಲಂಚು ಕಸಿಕುಡಿಯ ತೊಗಟೆಯಲ್ಲಿದ್ದರೆ ಬರುವ ಬೇರು ಕುಡಿಯದು. ಕೆಳಂಚು ಗಂಟಿನ ಮೇಲೆ, ಗಂಟಿನಲ್ಲೇ, ಇಲ್ಲವೇ ಅದರ ಕೆಳಗೆ ಎಲ್ಲಿದ್ದರೂ ಪರವಾಗಿಲ್ಲ. ಉಂಗುರ ಗಂಟನ್ನೇ ನುಂಗಿಕೊಂಡಿರಬಹುದು. ಮೇಲಂಚು ಗಂಟಿನೊಳಗೆ ಬಿದ್ದರೆ ಮಾತ್ರ ಒಂದು ಬದಿಯಲ್ಲಿ ಕುಡಿಯ ಬೇರು, ಇನ್ನೊಂದು ಬದಿಯಲ್ಲಿ ಬೇರುಸಸಿಯ ಬೇರು ಬಂದು ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಗಂಟಿನ ಒಳಗಡೆ ಎರಡು ಅಂಗಾಂಶಗಳ ಗಡಿ ಹೊರಗೆ ಕಂಡಷ್ಟು ನೇರವಾಗಿರುವುದಿಲ್ಲ. ಆದ್ದರಿಂದ ಉಬ್ಬು ಮುಗಿದ ಮೇಲೆ ಒಂದೆರಡು ಸೆಂಟಿಮೀಟರ್ ಬಿಟ್ಟು ಮೇಲಂಚು ಕೊಯ್ಯುವುದು ಸುರಕ್ಷಿತ.

ಉಂಗುರ ಗೂಟಿಯ ಕ್ರಮ

ಸಸ್ಯದ ಆರೋಗ್ಯ ಮೊದಲ ಷರತ್ತು. ಹಿಂದಿನ ವರ್ಷ ಚೆನ್ನಾಗಿ ಚಿಗುರಿದ, ಗೊಬ್ಬರ ಕಂಡ ಮರ ಬೇಗ ಬೇರು ಬಿಡುತ್ತದೆ. ಬೇರು ಕತ್ತರಿಸಿ ಕುಂಡ ಬದಲಿಸಿದ ವರ್ಷವೇ ಗೂಟಿ ಕಟ್ಟಬಾರದು.

ಕೊಯ್ಯುವ ಮುನ್ನ ಮುಂದಿನ ಮರದ ಮುಖ, ವಾಲು ನಿರ್ಧಾರವಾಗಬೇಕು. ಮೇಲಂಚಿನ ರೇಖೆಯೇ ನಾಳೆಯ ನೆಲಮಟ್ಟ. ನೇರ ನಿಲ್ಲಬೇಕಾದ ಮರಕ್ಕೆ ಕಾಂಡಕ್ಕೆ ಅಡ್ಡವಾಗಿ ಸಮನಾಗಿ ಕೊಯ್ಯಬೇಕು. ವಾಲಬೇಕಾದ ಮರಕ್ಕೆ ವಾಲಿನ ಕೋನಕ್ಕೆ ತಕ್ಕಂತೆ ಓರೆಯಾಗಿ ಕೊಯ್ಯಬೇಕು. ಹೀಗೆ ಮಾಡಿದರೆ ಬೇರುಗಳು ಒಂದೇ ಸಮತಲದಲ್ಲಿ ಹೊರಟು ಆಳವಿಲ್ಲದ ಕುಂಡಕ್ಕೆ ಹೊಂದುತ್ತವೆ. ಕಸಿಮರದಲ್ಲಿ ಈ ಆಯ್ಕೆ ವರವೂ ಹೌದು. ಬೇರುಸಸಿ ಕೊಟ್ಟ ನಿಲುವಿಗೆ ಕಟ್ಟುಬೀಳದೆ ಕಲೆಗಾರ ಮರವನ್ನು ತಿರುಗಿಸಿ ನಿಲ್ಲಿಸಬಹುದು.

ಹರಿತವಾದ, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಎರಡು ವೃತ್ತ ಕೊಯ್ದು ನಡುವಿನ ತೊಗಟೆಯನ್ನು ಸುಲಿಯುತ್ತಾರೆ. ತೋಟಗಾರಿಕೆಯಲ್ಲಿ ಬೆರಳು ದಪ್ಪದ ಕೊಂಬೆಗೆ 2ರಿಂದ 3 ಸೆಂಟಿಮೀಟರ್ ಉಂಗುರ ಸಾಕು. ಬೋನ್ಸಾಯ್‌ನ ದಪ್ಪ ಕಾಂಡಕ್ಕೆ ಕಾಂಡದ ವ್ಯಾಸದಷ್ಟು, ಇಲ್ಲವೇ ಅದರ ಒಂದೂವರೆಯಷ್ಟು ಅಗಲ ಇಡುವುದು ರೂಢಿ. ಸುಲಿದ ಮೇಲೆ ಜಾರುವ ತೆಳುಪದರ ಉಳಿದಿದ್ದರೆ ಅದು ಕೇಂಬಿಯಂ. ಚಾಕುವಿನ ಹಿಂಬದಿಯಿಂದ ಅದನ್ನು ಪೂರ್ತಿ ಕೆರೆದು, ಬಟ್ಟೆಯಿಂದ ಒರೆಸಬೇಕು. ಒಂದು ದಾರದಷ್ಟು ಕೇಂಬಿಯಂ ಉಳಿದರೂ ಅದು ಹೊಸ ತೊಗಟೆಯಾಗಿ ಸೇತುವೆ ಕಟ್ಟುತ್ತದೆ, ಸಕ್ಕರೆ ಮತ್ತೆ ಕೆಳಗಿಳಿಯುತ್ತದೆ, ಬೇರು ಬರುವುದಿಲ್ಲ. ವಿಫಲವಾದ ಗೂಟಿಗಳನ್ನು ಬಿಚ್ಚಿದಾಗ ಹೆಚ್ಚಾಗಿ ಕಾಣುವುದು ಈ ಸೇತುವೆಯೇ.

ಮೇಲಂಚಿಗೆ ಮಾತ್ರ ಐಬಿಎ ಹಚ್ಚುತ್ತಾರೆ. ಸಿದ್ಧ ಪುಡಿಗಳಲ್ಲಿ ಶೇ. 0.3ರಿಂದ 0.8ರಷ್ಟು ಐಬಿಎ ಇರುತ್ತದೆ. ಬಲಿತ ಮರಕ್ಕೆ ಹೆಚ್ಚಿನ ಪ್ರಮಾಣದ್ದು ಹೊಂದುತ್ತದೆ. ಬೇರು ಸುಲಭವಾಗಿ ಬರುವ ಜಾತಿಗಳಿಗೆ ಇದಿಲ್ಲದೆಯೂ ನಡೆಯುತ್ತದೆ. ಬಳಿಕ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ಉಂಗುರದ ಸುತ್ತ, ಮೇಲಂಚನ್ನು ದಾಟಿ ಮೇಲೂ ಬರುವಂತೆ ಒತ್ತಿ, ಪಾಲಿಥೀನ್ ಹಾಳೆ ಸುತ್ತಿ ಎರಡೂ ತುದಿ ಬಿಗಿಯುತ್ತಾರೆ. ಮೇಲಿನ ಕಟ್ಟು ಸ್ವಲ್ಪ ಸಡಿಲವಿದ್ದರೆ ನೀರು ಹನಿಸಲು ಅನುಕೂಲ. ಪಾಚಿಯಿಂದ ನೀರು ತೊಟ್ಟಿಕ್ಕುವಂತಿದ್ದರೆ ಗಾಳಿಯಾಡದೆ ಕಾಂಡ ಕೊಳೆಯುತ್ತದೆ. ಹೊರಗೆ ಕಪ್ಪು ಹಾಳೆ ಅಥವಾ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಬೆಳಕು, ಬಿಸಿಲಿನ ಝಳ ಎರಡೂ ತಪ್ಪುತ್ತವೆ.

ಒಣ ಸ್ಫ್ಯಾಗ್ನಮ್ ಪಾಚಿಯಲ್ಲಿ ಸ್ಪೊರೋಟ್ರೈಕೋಸಿಸ್ ಎಂಬ ಚರ್ಮರೋಗ ತರುವ ಶಿಲೀಂಧ್ರ ಇರಬಹುದು. ಕೈಯಲ್ಲಿ ಗೀರು, ಗಾಯ ಇದ್ದವರು ಕೈಗವಸು ಹಾಕಿಕೊಂಡೇ ಅದನ್ನು ಮುಟ್ಟಬೇಕು. ತೆಂಗಿನ ನಾರಿನ ಪುಡಿ ಅದಕ್ಕೆ ಬದಲಿ. ಪುಡಿಯಲ್ಲಿ ಉಪ್ಪಿನಂಶ ಉಳಿದಿರಬಹುದಾದ್ದರಿಂದ ಹಲವು ಸಲ ತೊಳೆದು ಬಳಸಬೇಕು.

ಇತರ ವಿಧಾನಗಳು

ಬುಡಗೂಟಿಯಲ್ಲಿ ಉಂಗುರದ ಕೊಯ್ತ ಇದೇ ರೀತಿ. ಹಾಳೆಯ ಬದಲು, ಒಂದು ಬದಿ ಸೀಳಿದ ಪ್ಲಾಸ್ಟಿಕ್ ಕುಂಡವನ್ನು ಬುಡದ ಸುತ್ತ ಕೂರಿಸಿ, ನೀರು ಸಲೀಸಾಗಿ ಬಸಿಯುವ ದಪ್ಪಮರಳು, ಅಕಡಾಮ ಎಂಬ ಜಪಾನಿ ಜೇಡಿಕಾಳು ಅಥವಾ ಪಾಚಿಮಿಶ್ರಣ ತುಂಬುತ್ತಾರೆ. ಕಸಿಗಂಟು ಮಣ್ಣಿನ ಹತ್ತಿರ ಇರುವ ಮರಗಳಿಗೆ ಇದು ಉತ್ತಮ. ಬೇರು ಮೊದಲಿನಿಂದಲೇ ಅಡ್ಡಲಾಗಿ ಹರಡಿಕೊಳ್ಳುತ್ತದೆ. ಹಾಳೆಯ ಗೂಟಿಯಂತೆ ಉಂಡೆಯೊಳಗೆ ಸುತ್ತಿಕೊಳ್ಳುವುದಿಲ್ಲ.

ತಂತಿಗೂಟಿಯಲ್ಲಿ ತೊಗಟೆ ತೆಗೆಯುವುದಿಲ್ಲ. ಗಂಟಿನ ಮೇಲೆ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ, ಕಾಂಡ ದಪ್ಪವಾದಂತೆಲ್ಲ ಅದು ಫ್ಲೋಯಂ ಅನ್ನು ಅದುಮುವಂತೆ ಮಾಡುತ್ತಾರೆ. ನಿಧಾನದ ದಾರಿ, ಹೆಚ್ಚು ಕಾಲ ಬೇಕು. ಉಂಗುರ ಸಹಿಸದ ದುರ್ಬಲ ಮರಗಳಿಗೆ ಇದನ್ನು ಆರಿಸುತ್ತಾರೆ.

ಆಳನಾಟಿ ತೀರ ಸರಳ: ಗಂಟು ಮುಚ್ಚುವಂತೆ ಮರವನ್ನು ಆಳವಾಗಿ ನೆಟ್ಟು, ಕುಡಿ ತಾನಾಗಿ ಬೇರು ಬಿಡಲು ಕಾಯುವುದು. ನರ್ಸರಿಗಳು ಲೈಲಾಕ್ ಗಿಡದಲ್ಲಿ ಈ ಗುಣವನ್ನು ಜಾಣತನದಿಂದ ಬಳಸಿವೆ. ಲೈಲಾಕ್ ಕುಡಿಯನ್ನು ಪ್ರಿವೆಟ್ ಗಿಡದ ಬೇರಿನ ಮೇಲೆ ಕಸಿ ಮಾಡಿ ಆಳದಲ್ಲಿ ನೆಡುತ್ತಾರೆ. ಪ್ರಿವೆಟ್ ದಾದಿಯಂತೆ ಕೆಲಕಾಲ ಸಾಕುತ್ತದೆ. ಅಷ್ಟರಲ್ಲಿ ಲೈಲಾಕ್ ಸ್ವಂತ ಬೇರು ಬಿಟ್ಟುಕೊಳ್ಳುತ್ತದೆ, ಹೊಂದಿಕೆ ಸಾಲದ ಪ್ರಿವೆಟ್ ಬೇರು ಕೊನೆಗೆ ಸಾಯುತ್ತದೆ.

ಬೇರುಕಸಿ ಇನ್ನೊಂದು ಬಗೆ. ಅದೇ ಜಾತಿಯ ಎಳೆಸಸಿಗಳನ್ನು ಗಂಟಿನ ಮೇಲಿನ ಕಾಂಡಕ್ಕೆ ಸುತ್ತಲೂ ಅಪ್ಪುಕಸಿಯಂತೆ ಬೆಸೆದು, ಬೆಸೆದ ಮೇಲೆ ಸಸಿಗಳ ತಲೆ ಕತ್ತರಿಸಿದರೆ ಅವುಗಳ ಬೇರೇ ಮರದ ಬೇರಾಗುತ್ತದೆ. ಗೂಟಿಗೆ ಒಗ್ಗದ ಮರಗಳಿಗೂ, ಒಂದೇ ಬದಿ ಬೇರಿಲ್ಲದ ಮರಗಳಿಗೂ ಇದು ಉಪಯುಕ್ತ. ಸಸಿಗಳು ಅದೇ ತಳಿಯ ಗೂಟಿಗಿಡಗಳಾಗಿದ್ದರಷ್ಟೇ ಫಲಿತಾಂಶವನ್ನು ಸ್ವಂತ ಬೇರು ಎನ್ನಬಹುದು.

ಕಾಲ

ಸಮಶೀತೋಷ್ಣ ನಾಡುಗಳಲ್ಲಿ ವಸಂತದ ಚಿಗುರೆಲೆ ಬಲಿತು ಗಟ್ಟಿಯಾದ ಮೇಲೆ, ಮೇ ಕೊನೆಯಿಂದ ಜೂನ್‌ವರೆಗೆ ಗೂಟಿ ಕಟ್ಟುತ್ತಾರೆ. ಆಗ ಎಲೆ ಸಕ್ಕರೆ ಮಾಡಿ ಕಳಿಸತೊಡಗಿರುತ್ತದೆ, ತೊಗಟೆಯೂ ಸಲೀಸಾಗಿ ಬಿಡುತ್ತದೆ. ಅದಕ್ಕೂ ಮೊದಲು ಮರ ಶೇಖರಿಸಿಟ್ಟದ್ದನ್ನೇ ಖರ್ಚು ಮಾಡುತ್ತಿರುತ್ತದೆ. ಸಾಮಾನ್ಯವಾಗಿ 8ರಿಂದ 12 ವಾರಗಳಲ್ಲಿ ಬೇರು ಕಾಣುತ್ತದೆ.

ಕರ್ನಾಟಕದಲ್ಲಿ ಗೂಟಿಗೆ ಮುಂಗಾರು ಒಳ್ಳೆಯ ಕಾಲ. ಜೂನ್, ಜುಲೈ ತಿಂಗಳ ತೇವದ ಗಾಳಿಯಲ್ಲಿ ಪಾಚಿ ಒಣಗುವುದಿಲ್ಲ, ಬೆಚ್ಚನೆಯ ಹವೆಯಲ್ಲಿ ಬೇರು ಬೇಗ ಬರುತ್ತದೆ. ಬೇಸಗೆಯ ಒಣಗಾಳಿಯಲ್ಲಿ ಕಟ್ಟಿದ ಗೂಟಿಗೆ ಎರಡು ದಿನ ನೀರು ತಪ್ಪಿದರೂ ಎಳೆಬೇರು ಸುಟ್ಟುಹೋಗುತ್ತದೆ.

ಬೇರ್ಪಡಿಸುವುದು ಮತ್ತು ಆರೈಕೆ

ಹಾಳೆಯ ಮೂಲಕ ಬಿಳಿ ಬೇರು ಕಂಡ ಕೂಡಲೇ ಕತ್ತರಿಸುವುದು ತಪ್ಪು. ಬೇರು ಉಂಡೆ ತುಂಬಿ, ಕವಲೊಡೆದು, ಕಂದುಬಣ್ಣಕ್ಕೆ ತಿರುಗತೊಡಗಿದಾಗ ಉಂಗುರದ ಸ್ವಲ್ಪ ಕೆಳಗೆ ಗರಗಸದಿಂದ ಬಿಡಿಸುತ್ತಾರೆ. ಚಳಿಗಾಲ ತೀವ್ರವಾಗಿರುವಲ್ಲಿ ತಡವಾಗಿ ಬೇರು ಬಂದರೆ ಮುಂದಿನ ವಸಂತದವರೆಗೆ ಮರದ ಮೇಲೆಯೇ ಬಿಡುವುದುಂಟು.

ಪಾಚಿಯನ್ನು ಬೇರಿನಿಂದ ಕೀಳಬಾರದು. ಗೂಟಿಯ ಹೊಸ ಬೇರು ಗಾಜಿನಂತೆ ಮುರಿಯುತ್ತದೆ. ಕೆಳಗೆ ಉಳಿದ ಕಾಂಡದ ಮೋಟನ್ನು ಆ ಹೊತ್ತಿಗೆ ಪೂರ್ತಿ ಸವರದೆ, ಮೊದಲ ಬೇರುಕತ್ತರಿಕೆಯಲ್ಲಿ ಸಮತಟ್ಟು ಮಾಡುವುದು ಕ್ಷೇಮ. ಮರವನ್ನು ಕುಂಡಕ್ಕೆ ತಂತಿಯಿಂದ ಅಲ್ಲಾಡದಂತೆ ಬಿಗಿಯಬೇಕು. ಗಾಳಿಗೆ ತೂಗಾಡುವ ಮರದ ಬೇರಿನ ತುದಿಗಳು ಒಂದೊಂದಾಗಿ ಹರಿಯುತ್ತವೆ. ಕೆಲವು ವಾರ ನೆರಳು ಬೇಕು. ಎಲೆಗಳಲ್ಲಿ ಒಂದು ಪಾಲು ತೆಗೆಯುವುದೂ ವಾಡಿಕೆ.

ಹೂಮರಗಳಿಗೆ ಸೇರಿದ ಒಂದು ವಿಶೇಷ ಎಚ್ಚರಿಕೆ ಇದೆ. ಗೂಟಿ ಕಟ್ಟಿದ ಭಾಗದಲ್ಲಿ ಸಕ್ಕರೆ ತುಂಬುವುದರಿಂದ ಆ ವರ್ಷ ಮೊಗ್ಗು ಯಥೇಚ್ಛವಾಗಿ ಬರಬಹುದು. ಅದನ್ನು ಕಂಡು ಮರ ಗಟ್ಟಿಯಾಗಿದೆ ಎಂದುಕೊಳ್ಳುವುದು ಸಹಜ. ಬೇರ್ಪಡಿಸಿದ ಮೊದಲ ವರ್ಷ ಮೊಗ್ಗುಗಳನ್ನು ಚಿವುಟಿ ಹಾಕಿದರೆ ಬಲವೆಲ್ಲ ಬೇರಿಗೆ ಹೋಗುತ್ತದೆ. ಕಾಯಿ ಕಟ್ಟಲು ಬಿಡುವುದಂತೂ ಸಲ್ಲದು. ಗೂಟಿಯ ಗಿಡ ಎಳೆಸಸಿಯ ಸ್ಥಿತಿಗೆ ಮರಳುವುದಿಲ್ಲ. ಅದರ ಅಂಗಾಂಶ ಬೆಳೆದ ಮರದ್ದೇ ಆದ್ದರಿಂದ ಚೇತರಿಸಿಕೊಂಡ ಮೇಲೆ ಹೂವಿಗೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ಒಂದು ವರ್ಷ, ಮರ ನಿಧಾನದ್ದಾದರೆ ಎರಡು ವರ್ಷ ಕಳೆದ ಮೇಲೆ ಕುಂಡದಿಂದ ತೆಗೆದು, ನೇರ ಕೆಳಗಿಳಿದ ಬೇರುಗಳನ್ನು ಕತ್ತರಿಸಿ, ಅಡ್ಡ ಹರಿದವನ್ನು ಸುತ್ತಲೂ ಸಮನಾಗಿ ಹಂಚಿ ಹರಡುತ್ತಾರೆ. ಒಳ್ಳೆಯ ಬೇರುಹರವಿನ ಅಡಿಪಾಯ ಬೀಳುವುದು ಈ ದಿನ.

ಕೆಳಗೆ ಉಳಿದ ಬೇರುಸಸಿ ಹಲವು ಬಾರಿ ಬದುಕಿ ಚಿಗುರುತ್ತದೆ, ಅದರ ಮೇಲೆ ಮತ್ತೊಂದು ಕಸಿ ಕಟ್ಟಬಹುದು. ಬೇರೇ ಬರದೆ ಕ್ಯಾಲಸ್ ಮಾತ್ರ ಬಂದ ಗೂಟಿಯಲ್ಲಿ ಕ್ಯಾಲಸ್ಸನ್ನು ಗೀರಿ, ಮತ್ತೆ ಐಬಿಎ ಹಚ್ಚಿ ಇನ್ನೊಂದು ಹಂಗಾಮು ಕಾಯುವುದುಂಟು. ಸುಲಿದ ಜಾಗದಲ್ಲಿ ಹೊಸ ಕ್ಸೈಲಂ ಬೆಳೆಯದ ಕಾರಣ ಇದನ್ನು ವರ್ಷಗಟ್ಟಲೆ ಎಳೆಯುವಂತಿಲ್ಲ.

ಮರದಿಂದ ಮರಕ್ಕೆ

ಉಮೆ: ಸಸ್ಯಶಾಸ್ತ್ರದಲ್ಲಿ ಪ್ರೂನಸ್ ಮ್ಯೂಮೆ. ಮೂಲ ಚೀನಾ. ಚಳಿ ಇನ್ನೂ ಇರುವಾಗಲೇ, ಎಲೆ ಬರುವ ಮೊದಲು ಅರಳುತ್ತದೆ. ಜಪಾನಿನಲ್ಲಿ ಇದರ ಹೂತಳಿಗಳನ್ನು ಕಾಡು ಉಮೆಯ ಸಸಿಗಳ ಮೇಲೆ ಕಸಿ ಮಾಡುತ್ತಾರೆ. ಎರಡೂ ಒಂದೇ ಜಾತಿಯಾದ್ದರಿಂದ ತೊಗಟೆಯ ಭೇದ ಕಡಿಮೆ, ತೊಡಕು ಇರುವುದು ಉಬ್ಬಿನಲ್ಲಿ. ತಳಿಗಳನ್ನು ಯಬೈ, ಹಿಬೈ, ಬುಂಗೊ ಎಂದು ಮೂರು ಗುಂಪು ಮಾಡುತ್ತಾರೆ. ಹಿಬೈ ಗುಂಪಿನ ಗುರುತು ಹೂವಿನ ಬಣ್ಣವಲ್ಲ, ಕೊಂಬೆ ಕೊಯ್ದಾಗ ಒಳಗಿನ ಮರ ಕೆಂಪಾಗಿರುವುದು. ಈ ಗುಂಪಿನ ಮರಕ್ಕೆ ಉಂಗುರ ಸುಲಿದಾಗ ಕಾಂಡದ ಕೆಂಪೇ ಕುಡಿಯ ಭಾಗ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ತೋರಿಸಿಬಿಡುತ್ತದೆ. ಮುಂದಿನ ವರ್ಷದ ಹೂಮೊಗ್ಗು ಬೇಸಗೆಯಲ್ಲಿಯೇ ರೂಪುಗೊಳ್ಳುತ್ತದೆ, ಅಂದರೆ ಗೂಟಿ ಬೇರು ಬಿಡುವ ತಿಂಗಳುಗಳಲ್ಲೇ. ಪ್ರೂನಸ್ ಕುಲದ ಮರಗಳೆಲ್ಲ ಗಾಯದಿಂದ ಅಂಟು ಸುರಿಸುತ್ತವೆ. ಕೊಯ್ತ ಸ್ವಚ್ಛವಾಗಿರಬೇಕು, ಪಾಚಿ ಹಸಿಹಸಿಯಾಗಿರಬಾರದು.

ಹೂಚೆರಿ: ಗಂಟಿನ ವಿಕಾರ ಅತಿ ಹೆಚ್ಚು ಕಾಣುವುದು ಇದರಲ್ಲಿ. ದಪ್ಪ ಕಾಂಡದಲ್ಲಿ ಬೇರು ತಡ, ಕೊಳೆಯುವ ಭಯ ಹೆಚ್ಚು. ಕೊಜೊ ನೊ ಮಾಯ್‌ನಂಥ ಸಣ್ಣೆಲೆಯ ತಳಿಗಳು ಕಡ್ಡಿಯಿಂದಲೇ ಬೇರು ಬಿಡುವುದರಿಂದ ಬೋನ್ಸಾಯ್‌ಗೆ ಅವುಗಳ ಕಸಿಯ ಅಗತ್ಯವೇ ಬೀಳುವುದಿಲ್ಲ.

ಹೂಸೇಬು: ಜಪಾನಿನ ಹಾನಾ ಕೈದೊ, ಅಂದರೆ ಮ್ಯಾಲಸ್ ಹಾಲಿಯಾನ, ಈ ಗುಂಪಿನ ಹೆಸರಾಂತ ಬೋನ್ಸಾಯ್ ಮರ. ಸೇಬಿನ ಕುಲದಲ್ಲಿ ಬೇರು ಬಿಡುವ ಶಕ್ತಿ ಬೇರುಸಸಿಯ ಆಯ್ಕೆಗೂ ಕಾರಣವಾಗಿದೆ. ಜಪಾನಿನ ಮರುಬಾ ಕೈದೊ ಕಡ್ಡಿಯಿಂದ ಸುಲಭವಾಗಿ ಬೇರು ಬಿಡುವುದಕ್ಕೇ ಬೇರುಸಸಿಯಾಗಿ ಹೆಸರಾಯಿತು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ ವಿಂಗಡಿಸಿದ ಎಂ.9ರಂಥ ಬೇರುಸಸಿಗಳು ಮರವನ್ನು ಗಿಡ್ಡವಾಗಿಸುತ್ತವೆ. ಅಂಥ ಬೇರನ್ನು ಕಳೆದುಕೊಂಡ ಮರ ನೆಲದಲ್ಲಾದರೆ ದೊಡ್ಡದಾಗಿ ಬೆಳೆಯುತ್ತದೆ. ಕುಂಡದಲ್ಲಿ ಗಾತ್ರವನ್ನು ಕತ್ತರಿ ಮತ್ತು ಕುಂಡವೇ ಹಿಡಿದಿಡುವುದರಿಂದ ಬೋನ್ಸಾಯ್‌ಗೆ ಇದು ನಷ್ಟವಲ್ಲ.

ವಿಸ್ಟೀರಿಯ, ಕಮೀಲಿಯ: ಎರಡೂ ಗೂಟಿಗೆ ಸುಲಭವಾಗಿ ಒಗ್ಗುತ್ತವೆ. ವಿಸ್ಟೀರಿಯದಲ್ಲಿ ದಪ್ಪ ಕೊಂಬೆಗೇ ಗೂಟಿ ಕಟ್ಟಿ, ಹೂ ಬಿಡುವ ವಯಸ್ಸಿನ ಬೋನ್ಸಾಯ್ ಕಾಂಡವನ್ನು ಒಂದೆರಡು ವರ್ಷದಲ್ಲಿ ಪಡೆಯಬಹುದು.

ಕಾಗದದ ಹೂ, ದಾಳಿಂಬೆ, ದಾಸವಾಳ, ಸಂಪಿಗೆ: ಚಳಿ ಬೇಡುವ ಪ್ರೂನಸ್ ಮರಗಳು ಕರ್ನಾಟಕದ ಬಯಲಿನಲ್ಲಿ ಚೆನ್ನಾಗಿ ಅರಳವು. ಇಲ್ಲಿನ ಹೂ ಬೋನ್ಸಾಯ್‌ಗಳಿಗೆ ಈ ಗಿಡಗಳೇ ಆಧಾರ. ದಾಳಿಂಬೆ, ದಾಸವಾಳ ಗೂಟಿಯಲ್ಲಿ ಬೇಗ ಬೇರು ಬಿಡುತ್ತವೆ. ಕಾಗದದ ಹೂವಿನ ಸಾಮಾನ್ಯ ತಳಿಗಳು ಕಡ್ಡಿಯಿಂದಲೂ ಬರುತ್ತವೆ, ಬೇರು ಬಿಡಲು ಹಟ ಮಾಡುವ ಕೆಲವು ಇಮ್ಮಡಿ ಹೂವಿನ, ಬಣ್ಣದೆಲೆಯ ತಳಿಗಳನ್ನು ಕಸಿ ಮಾಡುತ್ತಾರೆ. ಅವುಗಳಿಗೆ ಐಬಿಎ ಜೊತೆ ಮುಂಗಾರಿನ ಗೂಟಿ ಹೊಂದುತ್ತದೆ. ಬೇಗ ಹೂ ಬಿಡಲೆಂದು ಕಸಿ ಮಾಡಿದ ಸಂಪಿಗೆಯಲ್ಲಿ ಬೇರು ನಿಧಾನ.

ಮಿತಿಗಳು

ಕಸಿಯ ಬೇರನ್ನು ತೆಗೆಯುವುದೆಂದರೆ ಬೇರುಸಸಿ ಕೊಟ್ಟಿದ್ದ ಗುಣವನ್ನೂ ತೆಗೆದಂತೆ. ಮಣ್ಣಿನ ರೋಗ, ಬೇರಿಗೆ ಬೀಳುವ ಕೀಟ, ನೀರು ನಿಲ್ಲುವಿಕೆ ಇವನ್ನು ತಡೆಯಲೆಂದೇ ಆರಿಸಿದ ಬೇರುಸಸಿಯಾಗಿದ್ದರೆ ಸ್ವಂತ ಬೇರಿನ ಮರ ಅವಕ್ಕೆ ಮೈಯೊಡ್ಡುತ್ತದೆ. ಸೇಬಿನ ಎಂಎಂ ಸರಣಿಯ ಬೇರುಸಸಿಗಳನ್ನು ಉಣ್ಣೆಹೇನಿಗೆ ನಿರೋಧಕವಾಗಿ ರೂಪಿಸಲಾಗಿತ್ತು. ಕುಡಿಗೆ ಆ ನಿರೋಧ ಇರಲೇಬೇಕೆಂದಿಲ್ಲ.

ಅಡೇನಿಯಂ ಗಿಡದಲ್ಲಿ ಈ ವಿಧಾನ ಉದ್ದೇಶಕ್ಕೇ ವಿರುದ್ಧ. ಅದರ ಚೆಲುವಿರುವುದು ಬೀಜದ ಸಸಿಯಲ್ಲಿ ಮಾತ್ರ ಚೆನ್ನಾಗಿ ಬರುವ ಉಬ್ಬಿದ ಬುಡದಲ್ಲಿ. ಬಣ್ಣಬಣ್ಣದ ತಳಿಗಳನ್ನು ಅಂಥ ಬುಡದ ಮೇಲೆ ಕಸಿ ಮಾಡುವುದು ಆ ಕಾರಣಕ್ಕೇ. ಕುಡಿಗೆ ಗೂಟಿ ಕಟ್ಟಿದರೆ ಬೇರು ಬರುತ್ತದೆ, ಬುಡ ಹಾಗೆ ಉಬ್ಬುವುದಿಲ್ಲ. ಉಮೆಯಲ್ಲಿಯೂ ಕಸಿಗಂಟು ಚೆನ್ನಾಗಿ ಮುಚ್ಚಿಕೊಂಡು, ಹಳೆಯ ಬುಡ ಒರಟುಗಟ್ಟಿ ಗಾಂಭೀರ್ಯ ಪಡೆದಿದ್ದರೆ ಅದನ್ನು ಕತ್ತರಿಸುವುದು ಲಾಭವಲ್ಲ. ಗೂಟಿಯ ಹೊಸ ಬೇರಿಗೆ ಹಳೆಯ ಬುಡದ ಆ ಮುಪ್ಪು ಬರಲು ದಶಕಗಳು ಬೇಕು.

ಇಂದಿನ ಸ್ಥಿತಿ

ಜಪಾನಿನಲ್ಲಿ ಈ ಕಲೆಯ ದೊಡ್ಡ ನೆಲೆ ಸೈತಾಮ ನಗರದ ಒಮಿಯ ಬೋನ್ಸಾಯ್ ಗ್ರಾಮ. 1923ರ ಕಾಂಟೊ ಭೂಕಂಪದ ಬಳಿಕ ಟೋಕಿಯೊದ ಬೆಳೆಗಾರರು ಅಲ್ಲಿಗೆ ಸ್ಥಳಾಂತರಗೊಂಡು 1925ರಲ್ಲಿ ಅದನ್ನು ಕಟ್ಟಿದರು. 2010ರಿಂದ ಅಲ್ಲಿ ಬೋನ್ಸಾಯ್ ವಸ್ತುಸಂಗ್ರಹಾಲಯವೂ ಇದೆ. 1934ರಲ್ಲಿ ಶುರುವಾದ ಕೊಕುಫು ಪ್ರದರ್ಶನ ಟೋಕಿಯೊದ ಉಯೆನೊದಲ್ಲಿ ಚಳಿಗಾಲದ ಕೊನೆಯಲ್ಲಿ ನಡೆಯುವುದರಿಂದ ಅರಳಿದ ಉಮೆ ಬೋನ್ಸಾಯ್‌ಗಳು ಅಲ್ಲಿ ಕಾಣಸಿಗುತ್ತವೆ. ಬೋನ್ಸಾಯ್‌ನಾಚೆ ಹಣ್ಣಿನ ಮರಗಳಲ್ಲೂ ಸ್ವಂತ ಬೇರಿನ ಪ್ರಶ್ನೆ ಎದ್ದಿದೆ. ಇಂಗ್ಲೆಂಡಿನ ಬ್ರಾಗ್‌ಡೇಲ್‌ನಲ್ಲಿ ತೋಟಗಾರಿಕೆ ತಜ್ಞ ಹ್ಯೂ ಅರ್ಮನ್ ಸ್ವಂತ ಬೇರಿನ ಸೇಬಿನ ಮರಗಳನ್ನು ಬೆಳೆಸಿ ಅವುಗಳ ಪರವಾಗಿ ವಾದಿಸಿದರು. ಅಂಗಾಂಶ ಕೃಷಿಯಿಂದ ಕಸಿಯಿಲ್ಲದ ಗಿಡಗಳು ಸಿಗತೊಡಗಿರುವುದರಿಂದ ಕೆಲವು ಹೂತಳಿಗಳಿಗೆ ಗೂಟಿಯ ಅಗತ್ಯ ಕಡಿಮೆಯಾಗುತ್ತಿದೆ. ಆದರೆ ಈಗಾಗಲೇ ದಪ್ಪ ಕಾಂಡ ಬಂದ ಹಳೆಯ ಕಸಿಮರಕ್ಕೆ ಅದು ಬದಲಿಯಾಗದು.

ಕರ್ನಾಟಕದಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ಉದ್ಯಾನವಿದೆ. ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ಈ ನಾಡಿನ ಮರಗಳ ದೊಡ್ಡ ಸಂಗ್ರಹವಿದೆ. ಭಾರತದಲ್ಲಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಾಯಿತವಾದ ತಳಿಯನ್ನು ಗೂಟಿಯಿಂದ ಹೆಚ್ಚಿಸಿ ಮಾರುವುದಕ್ಕೆ ತಳಿಯ ಹಕ್ಕುದಾರರ ಒಪ್ಪಿಗೆ ಬೇಕು.